ಸಂಬಂಧ: ಸೋದರಮಾವ

ನಲವತ್ತೈದು ಕೆಜಿ ಇರಬೇಕಿತ್ತು.
ನಾನಿದ್ದದ್ದು ನಲವತ್ಮೂರು.
ಎರಡು ಕೆಜಿಗೆ ಎಂಟು ಗೆಡ್ಡೆ ಸಾಕು,
ದಪ್ಪನೆಯವು, ಮಣ್ಣು ಒದರಿದವು.
ಚಡ್ಡಿಯ ಜೇಬಿಗೆ ಮೂರು ಮೂರು,
ಟವೆಲಲ್ಲಿ ಸುತ್ತಿ ಸೊಂಟಕ್ಕೆ ಇನ್ನೆರಡು,
ಮೇಲೆ ಲುಂಗಿ.
ಹಾಸನದ ಆಲೂಗಡ್ಡೆ ಮಂಡಿಯ ಹಮಾಲಿಗೆ
ತೂಕ ಹೊಂದಿಸೋದನ್ನ
ಯಾರೂ ಹೇಳಿಕೊಡಬೇಕಿರಲಿಲ್ಲ.

ದೊಡ್ಡಾಸ್ಪತ್ರೆ ಎದುರು ಪುಟ್ಟಲಿಂಗನ ಬೀಡಾ ಅಂಗಡಿ.
ಹುಡುಗನ ಕೈಲಿ ಹೇಳಿ ಕಳಿಸೋನು:
“ಜವರಂಗೆ ಹೇಳು, ಬಿ ಪಾಸಿಟಿವ್,
ಆಲೂರು ಕಡೆಯೋರು, ಪಾಪ, ದುಡ್ಡಿರೋರು.”
ಇನ್ನೂರೈವತ್ತರಲ್ಲಿ ಎಪ್ಪತ್ತು ಅವನಿಗೆ.
ನನಗೆ ನೂರೆಂಬತ್ತು, ಒಂದು ಬಾಳೆಹಣ್ಣು,
ಅರ್ಧ ಲೋಟ ಹಾಲು.
ಮೂರು ತಿಂಗಳಿಗೊಮ್ಮೆ ಅಂತ ಗೋಡೆ ಮೇಲೆ ಬರೆದಿತ್ತು.
ಗೋಡೆ ಓದೋಕೆ ಬರೋನಲ್ಲ ನಾನು.
ಈ ತಿಂಗಳು ಎಡಗೈ, ಬರೋ ತಿಂಗಳು ಬಲಗೈ.

ಹಸಿವಿಗೆ ಅಲ್ಲ, ಸುಳ್ಳು ಯಾಕೆ ಹೇಳಲಿ.
ನಿಂಗಾಜಿಗೆ ಕುಕ್ಕರಿನ ಹುಚ್ಚು.
ಪಕ್ಕದ ಮನೆ ಸೀಟಿ ಹೊಡೆದಾಗೆಲ್ಲ
ನಮ್ಮನೆ ಮಡಕೆಯ ಮುಖ ನೋಡೋಳು.

ಒಂದು ಸಲ ಒಳಗಿನ ಹುಡುಗ ತೋರಿಸಿದ,
ಬಾಟ್ಲಿಯಲ್ಲಿ ನಿಲ್ಲಿಸಿಟ್ಟ ನನ್ನದನ್ನೇ.
ಕೆಂಪು ತಳಕ್ಕಿಳಿದು
ಮೇಲೆ ಹಳದಿ ತಿಳಿ,
ಥೇಟ್ ಹುರುಳಿಕಟ್ಟು.
“ಇದಕ್ಕೂ ಬೇರೆ ಬೆಲೆ ಇದೆ, ಗೊತ್ತಾ” ಅಂದ.
ಒಂದೇ ಮೂಟೆಯನ್ನ ಎರಡು ಸಲ ಮಾರೋ ಸಾಹುಕಾರರನ್ನ
ನಾನೂ ನೋಡಿದ್ದೆ ಬಿಡಿ.

ಕಷ್ಟ ಇದ್ದದ್ದು ಸೂಜಿಯಲ್ಲಲ್ಲ, ಫಾರಮ್ಮಿನಲ್ಲಿ.
ದುಡ್ಡಿಗೆ ಕೊಟ್ಟೆ ಅಂತ ಬರೆಯೋ ಹಾಗಿಲ್ಲ.
ಸಂಬಂಧ ಅಂತ ಒಂದು ಖಾನೆ,
ಪುಟ್ಟಲಿಂಗ ಅಲ್ಲೇ ನಿಂತು ತುಂಬೋನು:
ಭಾವಮೈದ, ಷಡ್ಡಕ, ದೊಡ್ಡಪ್ಪನ ಮಗ.
ಪೆನ್ಷನ್ ಮೊಹಲ್ಲಾದ ಮುದುಕಿಗೆ ಮೊಮ್ಮಗ ರಜಾಕ್,
ಸಾಲಗಾಮೆ ರಸ್ತೆಯ ಮೇಷ್ಟ್ರಿಗೆ ತಮ್ಮ ಫ್ರಾನ್ಸಿಸ್.
ಆವತ್ತು ಮಾತ್ರ ಗಡ್ಡ ಹೆರೆಸಿಕೊಂಡು ಬಾ ಅಂದಿದ್ದ,
ಯಾಕೋ.
ಹುಟ್ಟಿದ ಮನೆಯಲ್ಲಿ ನನಗೆ ಇಷ್ಟು ನೆಂಟರಿರಲಿಲ್ಲ.

ಆಲೂರಿನೋರಿಗೆ ಸೋದರಮಾವನಾದೆ.
ಹೆರಿಗೆ, ಹುಡುಗಿಗೆ ಇಪ್ಪತ್ತೂ ಇಲ್ಲ.
ಕೊಟ್ಟು, ಹಾಲು ಕುಡಿದು, ದುಡ್ಡೆಣಿಸಿ,
ಹುಣಸೆಮರದ ಕೆಳಗೆ ಕಣ್ಣುಕತ್ತಲೆ ಕಳೆಯಲಿ ಅಂತ ಕೂತಿದ್ದೆ.
ಒಳಗಿಂದ ಆ ಕೂಗು ಬಂತು.
ಗೊತ್ತಾಯಿತಲ್ಲ, ಅದೇ.

ಎದ್ದು ಹೋಗಬಹುದಿತ್ತು.
ಮಂಡಿಗೆ ಎರಡು ಲಾರಿ ಬರೋದಿತ್ತು.
ಅವರು ಮೂರೇ ಗಂಡಸರು,
ಹುಡುಗಿಯ ಗಂಡ ನಿಲ್ಲೋ ಸ್ಥಿತಿಯಲ್ಲಿರಲಿಲ್ಲ,
ಮುದುಕನಿಗೆ ಕೈ ನಡುಗುತ್ತಿತ್ತು.
ವ್ಯಾನಿನ ತನಕ ಎತ್ತಬೇಕು.
ನಾನು ಹೋಗಿ ತಲೆಯ ಕಡೆ ಹಿಡಿದೆ.
ನೂರು ಕೆಜಿ ಚೀಲ ಬೆನ್ನ ಮೇಲೆ ಹೊತ್ತವನು ನಾನು.
ಅವಳು ತೂಕವೇ ಇರಲಿಲ್ಲ.
ನನ್ನದು ಅವಳ ಒಳಗೆ ಎಷ್ಟು ಹೋಗಿತ್ತೋ,
ಬಾಟ್ಲಿಯಲ್ಲೇ ಎಷ್ಟು ಉಳಿದಿತ್ತೋ.

“ನೀವು ಯಾರ ಕಡೆಯೋರು?” ಅಂತ
ಯಾರೋ ಹೆಂಗಸು ಅಳುತ್ತಲೇ ಕೇಳಿದಳು.
ಬಾಯಿಗೆ ಬಂದದ್ದು ಫಾರಮ್ಮಿನಲ್ಲಿದ್ದದ್ದೇ.
ಅವಳು ನನ್ನ ಎದೆಗೆ ತಲೆ ಕೊಟ್ಟು ಅತ್ತಳು.
ಜೇಬಿನಲ್ಲಿ ಗೆಡ್ಡೆಗಳು,
ಅವಳಿಗೆ ತಾಗದ ಹಾಗೆ
ಸ್ವಲ್ಪ ವಾರೆಯಾಗಿ ನಿಂತುಕೊಂಡೆ.

ರಾತ್ರಿ ನಿಂಗಾಜಿ ಏನೂ ಕೇಳಲಿಲ್ಲ.
ಮೊಣಕೈ ಮಡಿಕೆಯ ಚುಕ್ಕೆಗಳನ್ನ
ಅವಳು ಎಂದೋ ಎಣಿಸಿದ್ದಳು ಅಂತ ಆಮೇಲೆ ತಿಳಿಯಿತು.
ಭಾನುವಾರ ಕಾಲು ಕೆಜಿ ಈಲಿ ತಂದು ಹುರಿದು
ಪೂರ್ತಿ ನನ್ನ ತಟ್ಟೆಗೇ ಹಾಕಿದಳು.
ಕುಕ್ಕರಿನ ದುಡ್ಡು ಹಾಗೆ ಸ್ವಲ್ಪ ಸ್ವಲ್ಪ
ಬಂದ ಕಡೆಗೇ ವಾಪಸ್ಸು ಹೋಯಿತು.

ಆಮೇಲೆ ಕಾನೂನು ಬಂತು.
ಪುಟ್ಟಲಿಂಗನ ಮಗ ಈಗ ಅಲ್ಲೇ
ಮೊಬೈಲ್ ಕವರ್ ಮಾರುತ್ತಾನೆ.
ಆಲೂರಿನ ಬಸ್ಸು ಕಂಡರೆ ಮಾತ್ರ
ಈಗಲೂ ಕಿಟಕಿಗಳನ್ನ ಒಂದೊಂದಾಗಿ ನೋಡುತ್ತೇನೆ.
ಆ ಮಗು ಉಳಿಯಿತೋ ಏನೋ, ಕೇಳಲೇ ಇಲ್ಲ.
ಉಳಿದಿದ್ದರೆ ನಾನು ಅದಕ್ಕೆ
ಏನಾಗಬೇಕು?

ಆವತ್ತಿನ ಎಂಟು ಗೆಡ್ಡೆ?
ಪಲ್ಯ ಮಾಡಿದಳು.
ಉಪ್ಪು ಒಂಚೂರು ಜಾಸ್ತಿಯಾಗಿತ್ತು.